ಕೇಳಿದ್ದನ್ನೇ ಕೇಳಹೊರಟವರು: ಕರವೀರ ಸೀಮೆಯ ರಸಿಕರ ಚರಿತ್ರೆಯಿಂದ ಒಂದು ಪುಟ

2009ರ ಫೆಬ್ರುವರಿಯಲ್ಲಿ, ಇಚಲಕರಂಜಿಯ ನಮ್ಮ ಹಿರಿಯ ಸದಸ್ಯರೊಬ್ಬರ ಮನೆಯಲ್ಲಿ ಅಜ್ಜ ಮೊಮ್ಮಗನ ನಡುವೆ ಸಣ್ಣದೊಂದು ವಾಗ್ವಾದ ನಡೆಯಿತು. ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನ ಟಿಕೀಟು ತಂದಿದ್ದ. ಇಂಗ್ಲೆಂಡಿನ ಐರನ್ ಮೇಡನ್ ಎಂಬ ರಾಕ್ ವಾದ್ಯವೃಂದ ಅಲ್ಲಿ ನುಡಿಸುವುದಿತ್ತು. ಆ ವೃಂದ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಮೊದಲು ಬಂದಾಗ ಹುಡುಗ ಹೋಗಿದ್ದ. ಮರುವರ್ಷ ಮುಂಬಯಿಗೆ ಬಂದಾಗ ಅಲ್ಲಿಗೂ ಹೋಗಿದ್ದ. ಇದು ಮೂರನೆಯ ಸಲ. ಅಜ್ಜನಿಗೆ ತಾಳ್ಮೆ ತಪ್ಪಿತು.

“ಎರಡ ಸಲ ಕೇಳಿ ಬಂದಿ. ಹಾಡ ಅವೇ, ಹಾಡಾವ್ರೂ ಅವರೇ. ಮ್ಯಾಲ ಅವರ ತಬಕಡಿ ಎಲ್ಲಾ ನಿನ್ನ ಕಂಪ್ಯೂಟರಿನ್ಯಾಗ ಅದಾವ. ಮತ್ಯಾಕ ಹೊಂಟಿ?”

ಮೊಮ್ಮಗ ಚೀಲಕ್ಕೆ ಅಂಗಿ ತುರುಕುತ್ತ ಕೇಳಿದ: “ಅಜ್ಜಾ, ನೀವು ಮನ್ಸೂರ ಬುವಾ ಅವರನ್ನ ಎಷ್ಟ ಸಲ ಕೇಳೀರಿ?”

ಅಜ್ಜ ಉತ್ತರ ಕೊಡಲಿಲ್ಲ. ಕಪಾಟಿನಿಂದ ಒಂದು ಕಿಸೆಪುಸ್ತಕ ತೆಗೆದು ಮೊಮ್ಮಗನ ಕೈಗಿತ್ತರು. ಅದರಲ್ಲಿ ಊರು, ದಿನಾಂಕ, ಹಾಡಿದ ರಾಗ ಇವಿಷ್ಟನ್ನು ಪೆನ್ಸಿಲಿನಿಂದ ಬರೆದಿದ್ದರು. ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಹೆಸರಿನ ಎದುರು ಇಪ್ಪತ್ತಮೂರು ದಿನಾಂಕಗಳಿದ್ದವು.

ನಾವು, ಅಂದರೆ ನಮ್ಮ ಸಂಘದಲ್ಲಿ ಸಂಗೀತದ ಹುಚ್ಚು ಹಚ್ಚಿಕೊಂಡ ನಾಲ್ಕೈದು ಜನ, ಆ ಪುಸ್ತಕವನ್ನು ಅನಂತರ ಕೈಯಲ್ಲಿ ಹಿಡಿದು ನೋಡಿದೆವು. ಸ್ಮರಣ ಸಂಚಿಕೆಗೆ ನಮ್ಮ ಭಾಗದ ಸಂಗೀತದ ಇತಿಹಾಸ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಆ ಪೆನ್ಸಿಲ್ ಬರಹ. ಹಾಡಿದವರ ಚರಿತ್ರೆಯನ್ನು ಬಲ್ಲವರು ಬರೆದಿದ್ದಾರೆ. ನೂರು ಮೈಲಿ ಪ್ರಯಾಣ ಮಾಡಿ, ಕೇಳಿದ ಗಾಯಕನನ್ನೇ ಮತ್ತೆ ಕೇಳಿ, ಬೆಳಗಿನ ಬಸ್ಸಿಗೆ ಮರಳಿ ಕೆಲಸಕ್ಕೆ ಹೋದವರ ಚರಿತ್ರೆಯನ್ನು ಯಾರೂ ಬರೆದಿಲ್ಲ. ಅಂಥವರು ನಮ್ಮ ಮೂರು ಊರುಗಳಲ್ಲಿ ಒಂದು ಕಾಲಕ್ಕೆ ಬಹಳ ಜನ ಇದ್ದರು. ಈಗ ಕಡಿಮೆಯಾಗುತ್ತಿದ್ದಾರೆ, ಅವರೊಂದಿಗೆ ಅವರ ನೆನಪೂ ಹೋಗುತ್ತಿದೆ.

ಮೊದಲು ಕೊಲ್ಲಾಪುರ. ಇಂದಿನ ಓದುಗರಿಗೆ ಒಂದು ಮಾತು ನೆನಪಿಸಬೇಕು. 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಕೊಲ್ಲಾಪುರವು ಒಂದು ಸಂಸ್ಥಾನವಾಗಿತ್ತು; ರಾಯಬಾಗ, ತೋರಗಲ್ಲಿನಂಥ ಅಚ್ಚ ಕನ್ನಡ ಪ್ರದೇಶಗಳು ಅದರ ಆಡಳಿತಕ್ಕೆ ಒಳಪಟ್ಟಿದ್ದವು. ಗಡಹಿಂಗ್ಲಜ, ಶಿರೋಳಗಳ ಹಳ್ಳಿಗಳಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ನಮ್ಮ ಹಿರಿಯರಿಗೆ ಕೊಲ್ಲಾಪುರವು ಪರಸ್ಥಳವಾಗಿರಲಿಲ್ಲ. ಅಂಬಾಬಾಯಿಯ ದರ್ಶನಕ್ಕೆ, ಬೆಲ್ಲದ ಪೇಟೆಗೆ, ಕುಸ್ತಿಗೆ, ನಾಟಕಕ್ಕೆ, ಗಾಯನಕ್ಕೆ ಅವರು ಹೋಗುತ್ತಿದ್ದ ರಾಜಧಾನಿ ಅದು. 1891ರಲ್ಲಿ ಕೊಲ್ಲಾಪುರದಿಂದ ಮಿರಜಿಗೆ ರೈಲು ಬಂತು. ಅಲ್ಲಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗೂ ಪುಣೆಯ ಕಡೆಗೂ ಗಾಡಿಗಳಿದ್ದವು. ಗಾಯಕರು, ನಾಟಕ ಕಂಪನಿಗಳ ಸಾಮಾನು ಸರಂಜಾಮು, ಹಿಂಬಾಲಿಸುವ ರಸಿಕರು ಎಲ್ಲರೂ ಇದೇ ಹಳಿಯ ಮೇಲೆ ಓಡಾಡಿದರು.

ಆಳುವವರ ಒಲವು ಇದಕ್ಕೆ ಒದಗಿತು. ಛತ್ರಪತಿ ಶಾಹೂ ಮಹಾರಾಜರು ಅಧಿಕಾರಕ್ಕೆ ಬಂದದ್ದು 1894ರಲ್ಲಿ. ಮರುವರ್ಷವೇ ಉಸ್ತಾದ ಅಲ್ಲಾದಿಯಾ ಖಾನರು ಅವರ ಆಸ್ಥಾನ ಗಾಯಕರಾದರು. ರಾಜಸ್ಥಾನದ ಉನಿಯಾರಾದಲ್ಲಿ 1855ರಲ್ಲಿ ಹುಟ್ಟಿದ ಖಾನಸಾಹೇಬರು ಇಲ್ಲಿಗೆ ಬರುವ ಹೊತ್ತಿಗೆ ತಮ್ಮ ದನಿಯನ್ನು ಒಮ್ಮೆ ಕಳೆದುಕೊಂಡಿದ್ದರು. ಎಡೆಬಿಡದ ಗಾಯನದಿಂದ ಗಂಟಲು ಸೋತು, ಮತ್ತೆ ಕೂಡಿಕೊಂಡಾಗ ಹಿಂದಿನ ಮಾರ್ದವ ಮರಳಲಿಲ್ಲ. ಇದ್ದ ದನಿಗೆ ಒಪ್ಪುವಂತೆ ಅವರು ಗಾಯನವನ್ನೇ ಹೊಸದಾಗಿ ಕಟ್ಟಿದರು. ತಾಳದ ಒಂದೊಂದು ಆವರ್ತನೆಯನ್ನೂ ಸೀರೆಯ ಸೆರಗಿನಂತೆ ನೇಯ್ದು, ಜೋಡು ರಾಗಗಳನ್ನು ಬೆಸೆದು, ಎಲ್ಲಿ ಉಸಿರು ತೆಗೆದುಕೊಂಡರೆಂದು ಗೊತ್ತಾಗದಂತೆ ತಾನುಗಳನ್ನು ಹೆಣೆಯುವ ಆ ರೀತಿಗೆ ಇಂದು ಜೈಪುರ ಅತ್ರೌಲಿ ಘರಾನೆಯೆಂದು ಹೆಸರು. ಹೆಸರಿನಲ್ಲಿ ಉತ್ತರದ ಊರುಗಳಿದ್ದರೂ ಅದು ಬೇರುಬಿಟ್ಟದ್ದು ಪಂಚಗಂಗೆಯ ದಂಡೆಯಲ್ಲಿ.

ಕೇಳುವವರೂ ಸಿದ್ಧರಾಗಿದ್ದರು. ಗಾಯನ ಸಮಾಜ ದೇವಲ ಕ್ಲಬ್ಬು 1883ರಲ್ಲಿಯೇ ಹುಟ್ಟಿತ್ತು. ಇಂಥ ಕೂಟಗಳಲ್ಲಿ ರಸಿಕನು ಎರಡು ವಿದ್ಯೆ ಕಲಿಯುತ್ತಿದ್ದ: ತಾಳ ಲೆಕ್ಕ ಹಿಡಿಯುವುದು, ಬಾಯಿ ಮುಚ್ಚಿ ಕೂಡುವುದು. ಎರಡನೆಯದು ಕಷ್ಟವೆಂದು ನಮ್ಮ ಅನುಭವ.

1915ರಲ್ಲಿ ಶಾಹೂ ಮಹಾರಾಜರು ಖಾಸಬಾಗ ಕುಸ್ತಿ ಮೈದಾನದ ಮಗ್ಗುಲಲ್ಲಿ ಪ್ಯಾಲೇಸ್ ಥಿಯೇಟರ್ ತೆರೆದರು. ಒಂದು ಗೋಡೆಯ ಆಚೆ ಮಲ್ಲರು, ಈಚೆ ಗಾಯಕ ನಟರು. ಎರಡು ಕಡೆಗೂ ಅದೇ ಜನ. ಮುಂದೆ ಆ ರಂಗಮಂದಿರಕ್ಕೆ ಹೆಸರಾದ ಸಂಗೀತಸೂರ್ಯ ಕೇಶವರಾವ ಭೋಸಲೆಯವರು ಕೊಲ್ಲಾಪುರದ ಮಗ. ಆದರೆ ಅವರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಕಟ್ಟಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಗಲ್ಲಿಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರೇ. ಈ ಮಾತನ್ನು ನಾವು ಹೆಮ್ಮೆಯ ಪಟ್ಟಿ ಬೆಳೆಸಲು ಹೇಳುತ್ತಿಲ್ಲ. ಕಲಾವಿದರು ಹೀಗೆ ಅತ್ತಿಂದಿತ್ತ ಹರಿದಾಡುತ್ತಿದ್ದಾಗ ಪ್ರೇಕ್ಷಕನಿಗೂ ಎರಡು ಭಾಷೆಯ ಕಿವಿ ಸಹಜವಾಗಿ ಬಂತು ಎಂಬುದಷ್ಟೇ ನಮ್ಮ ಅಭಿಪ್ರಾಯ.

ಇಚಲಕರಂಜಿಯ ಋಣ ಬೇರೆ ಬಗೆಯದು. ಆ ಊರಿನ ಸಮೀಪದ ಚಂದೂರಿನಲ್ಲಿ 1849ರಲ್ಲಿ ಹುಟ್ಟಿದ ಬಾಳಕೃಷ್ಣಬುವಾ ಎಂಬ ಬಡ ಹುಡುಗ ಗಾಯನದ ಹಸಿವಿನಿಂದ ಊರೂರು ಅಲೆದು, ಕೊನೆಗೆ ಗ್ವಾಲಿಯರದ ಗಾಯಕಿಯನ್ನು ವಾಸುದೇವಬುವಾ ಜೋಶಿಯವರಿಂದ ಪಡೆದು ದಕ್ಷಿಣಕ್ಕೆ ತಂದರು. ಮಿರಜಿನಲ್ಲಿ ಅವರ ಮುಂದೆ ಕುಳಿತು ಕಲಿತವರಲ್ಲಿ ಕುರುಂದವಾಡದ ವಿಷ್ಣು ದಿಗಂಬರ ಪಲುಸ್ಕರರು ಒಬ್ಬರು. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು ಸಂಗೀತವನ್ನು ಮಧ್ಯಮವರ್ಗದ ಮನೆಗಳಿಗೆ ಮುಟ್ಟಿಸಿದವರು ಅವರು. ಇನ್ನೊಬ್ಬ ಶಿಷ್ಯರು ಕನ್ನಡಿಗರಾದ ನೀಲಕಂಠಬುವಾ ಆಲೂರಮಠ. ಬಾಳಕೃಷ್ಣಬುವಾ ಇಚಲಕರಂಜಿಯ ಜಹಗೀರದಾರರ ಆಶ್ರಯದಲ್ಲಿದ್ದು, ಆ ಊರಿನ ಹೆಸರನ್ನೇ ತಮ್ಮ ಹೆಸರಾಗಿಸಿಕೊಂಡು, 1926ರಲ್ಲಿ ತೀರಿಕೊಂಡರು.

ಅಷ್ಟರಲ್ಲಿ ಇಚಲಕರಂಜಿಯ ಕಿವಿಗೆ ಇನ್ನೊಂದು ಸದ್ದು ಬಿದ್ದಿತ್ತು. 1904ರಲ್ಲಿ ವಿಠ್ಠಲರಾವ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಆಮೇಲಿನ ಕಥೆ ಎಲ್ಲರಿಗೂ ಗೊತ್ತು. ರಬಕವಿ ಬನಹಟ್ಟಿಗಳ ಕಡೆಯ ನೇಕಾರ ಕುಟುಂಬಗಳು ಬಂದು ನೆಲೆಸಿದವು. ನಮ್ಮ ಸಂಘದ ಅರ್ಧದಷ್ಟು ಸದಸ್ಯರು ಆ ಮನೆಗಳವರು. ಮಗ್ಗದ ಶೆಡ್ಡಿನೊಳಗೆ ಒಬ್ಬರ ಮಾತು ಒಬ್ಬರಿಗೆ ಕೇಳದು, ತುಟಿ ನೋಡಿ ತಿಳಿಯಬೇಕು. ಅಂಥಲ್ಲಿ ಹನ್ನೆರಡು ಗಂಟೆ ದುಡಿದು ಬಂದವನು ರಾತ್ರಿ ತಂಬೂರಿಯ ನಾದಕ್ಕೆ ಕಿವಿ ಕೊಡುವುದೆಂದರೆ ಏನೆಂಬುದನ್ನು ಹೊರಗಿನವರು ಸುಲಭವಾಗಿ ಊಹಿಸಲಾರರು. ಮೇಲೆ ಹೇಳಿದ ಅಜ್ಜ ಅಂಥವರಲ್ಲೊಬ್ಬರು. ಅರವತ್ತು ದಾಟುವ ಹೊತ್ತಿಗೆ ಅವರ ಎಡಗಿವಿ ಹೆಚ್ಚು ಕಡಿಮೆ ಹೋಗಿತ್ತು. ಆದುದರಿಂದ ಅವರು ಯಾವ ಮೈಫಿಲಿಗೆ ಹೋದರೂ ಎರಡು ತಾಸು ಮೊದಲೇ ಹೋಗಿ, ವೇದಿಕೆಯ ಎಡಮಗ್ಗುಲಿಗೆ, ಮುಂದಿನ ಸಾಲಿನಲ್ಲಿ, ಬಲಗಿವಿ ಗಾಯಕನ ಕಡೆಗಿರುವಂತೆ ಕೂಡುತ್ತಿದ್ದರು.

ಈ ಎರಡು ಹೊಳೆಗಳು, ಕೊಲ್ಲಾಪುರದ ಜೈಪುರ ಗಾಯಕಿಯೂ ಇಚಲಕರಂಜಿಯ ಗ್ವಾಲಿಯರ ಗಾಯಕಿಯೂ, ಒಬ್ಬ ಕನ್ನಡಿಗನ ಕಂಠದಲ್ಲಿ ಕೂಡಿದವು. ಧಾರವಾಡದ ಬಳಿಯ ಮನ್ಸೂರಿನಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಮಲ್ಲಿಕಾರ್ಜುನರು ಬಾಲಕನಾಗಿದ್ದಾಗಲೇ ನಾಟಕ ಕಂಪನಿ ಸೇರಿ ಬಣ್ಣ ಹಚ್ಚಿದವರು. ಅಲ್ಲಿ ಅವರ ದನಿ ಕೇಳಿ ಮೆಚ್ಚಿದ ನೀಲಕಂಠಬುವಾ ಆಲೂರಮಠರು ಮಿರಜಿಗೆ ಕರೆದೊಯ್ದು ಗ್ವಾಲಿಯರ ಪದ್ಧತಿಯ ಬುನಾದಿ ಹಾಕಿದರು. ಮುಂದೆ ಮುಂಬಯಿಯಲ್ಲಿ ಅಲ್ಲಾದಿಯಾ ಖಾನರ ಮಗ ಮಂಜಿಖಾನರ ಶಿಷ್ಯತ್ವ ದೊರೆಯಿತು; ಎರಡು ವರ್ಷ ತುಂಬುವುದರೊಳಗೆ, 1937ರಲ್ಲಿ, ಮಂಜಿಖಾನರು ತೀರಿಕೊಂಡರು. ಶಿಷ್ಯನನ್ನು ಕೈಹಿಡಿದವರು ಅವರ ತಮ್ಮ, ಕೊಲ್ಲಾಪುರದ ಭುರ್ಜಿಖಾನರು. 1950ರಲ್ಲಿ ಕಣ್ಣು ಮುಚ್ಚುವ ತನಕ ಅವರು ಮನ್ಸೂರರಿಗೆ ಗುರುವಾಗಿದ್ದರು. ಕೇಸರಬಾಯಿ ಕೇರಕರರ ಶಿಷ್ಯೆಯೆಂದು ಹೆಸರಾದ ಧೋಂಡುತಾಯಿ ಕುಲಕರ್ಣಿಯವರೂ ಮೊದಲು ಕೊಲ್ಲಾಪುರದಲ್ಲಿ ಇದೇ ಭುರ್ಜಿಖಾನರ ಮುಂದೆ ಕುಳಿತು ಕಲಿತವರು. ಉರ್ದು ಮನೆಮಾತಿನ ಗುರು, ಮರಾಠಿ ಊರು, ಕನ್ನಡ ಶಿಷ್ಯ, ಬ್ರಜಭಾಷೆಯ ಬಂದಿಶು. ಗಡಿಯ ವಿಷಯದಲ್ಲಿ ನಮ್ಮ ಕಡೆ ಎಷ್ಟೋ ಸಭೆಗಳಾಗಿವೆ, ಆಯೋಗಗಳಾಗಿವೆ. ಭುರ್ಜಿಖಾನರ ಮನೆಯ ಚಾಪೆಯ ಮೇಲೆ ಅದರ ಪ್ರಸ್ತಾಪ ಬಂದಿರಲಿಕ್ಕಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಪ್ರಶ್ನೆಗೆ ಮನ್ಸೂರರ ಬಾಳು ಹತ್ತಿರದ ಉದಾಹರಣೆ. ಯೌವನದಲ್ಲಿಯೇ ಅವರ ಧ್ವನಿಮುದ್ರಿಕೆಗಳು ಹೊರಬಂದಿದ್ದವು. ಆಗಿನ ತಬಕಡಿಯ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ. ಅಷ್ಟರೊಳಗೆ ರಾಗದ ಬಾಗಿಲು ತೆರೆದು, ಒಳಗೆ ಹೋಗಿ, ಹೊರಬಂದು ಬಾಗಿಲು ಹಾಕಬೇಕು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋದಲ್ಲಿ ಅವರ ದನಿ ಗಡಹಿಂಗ್ಲಜದ ಅಂಗಡಿಕಟ್ಟೆಗೂ ಬಂತು. ಆದರೂ ದೇಶಮಟ್ಟದ ಮನ್ನಣೆ ತಡವಾಯಿತು. ಪದ್ಮಶ್ರೀ ಬಂದದ್ದು 1970ರಲ್ಲಿ, ಅರವತ್ತರ ಅಂಚಿನಲ್ಲಿ. 1976ರಲ್ಲಿ ಪದ್ಮಭೂಷಣ, 1992ರಲ್ಲಿ ಪದ್ಮವಿಭೂಷಣ; ಅದೇ ವರ್ಷ ಸೆಪ್ಟೆಂಬರ್ 12ರಂದು ಅವರು ತೀರಿಕೊಂಡರು. ಸಾಮಾನ್ಯವಾಗಿ ಗಾಯಕನ ದನಿ ಬಾಡುವ ವಯಸ್ಸಿನಲ್ಲಿ ಅವರ ಗಾಯನ ಹಣ್ಣಾಯಿತು. ಬಿಳಿ ಧೋತರ, ಟೊಪ್ಪಿಗೆ, ಹಣೆಯ ಮೇಲೆ ವಿಭೂತಿ, ಸಣ್ಣ ಶರೀರ. ತಂಬೂರಿ ಕೂಡಿದೊಡನೆ ಪೀಠಿಕೆಯಿಲ್ಲದೆ ಬಂದಿಶಿಗೆ ಇಳಿದುಬಿಡುವರು. ಮುಂದಿನ ಸಾಲಿನಲ್ಲಿ ಕುಳಿತವರು ಚೀಲ ಸರಿಪಡಿಸಿಕೊಳ್ಳುವುದರೊಳಗೆ ಮೊದಲ ಸಮ್ಮು ಬಂದು ಹೋಗಿರುತ್ತಿತ್ತು!

ಮನೆಯ ಕಿರಿಯರಿಗಾಗಿ ಈ ಸಮ್ಮೆಂದರೇನೆಂದು ಹೇಳಬೇಕು. ತಾಳವು ಒಂದು ಸುತ್ತು. ತೀನತಾಳವಾದರೆ ಹದಿನಾರು ಮಾತ್ರೆ. ಆ ಸುತ್ತಿನ ಮೊದಲ ಮಾತ್ರೆಯೇ ಸಮ್ಮು. ಗಾಯಕ ಎಲ್ಲಿ ಅಲೆದಾಡಿದರೂ ಬಂದಿಶಿನ ನಿಶ್ಚಿತ ಅಕ್ಷರವೊಂದನ್ನು ಹಿಡಿದು ಆ ಮಾತ್ರೆಯ ಮೇಲೆ ಬಂದಿಳಿಯಬೇಕು. ಮನ್ಸೂರರು ಹದಿಮೂರನೆಯ ಮಾತ್ರೆಯ ತನಕ ತಾನಿನ ಎಳೆ ಬಿಡದೆ, ಇನ್ನು ತಪ್ಪಿತು ಎನ್ನುವಷ್ಟರಲ್ಲಿ, ಅಕ್ಕಸಾಲಿಗ ಕೊಂಡಿ ಸೇರಿಸಿದಂತೆ ಬಂದು ಕೂಡುವರು. ಆ ಕ್ಷಣದಲ್ಲಿ ಸಭೆಯ ತಲೆಗಳೆಲ್ಲ ಒಟ್ಟಿಗೆ ತೂಗುತ್ತಿದ್ದವು. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ. ಗಾಯಕನೂ ಅದನ್ನು ಕಾಣುತ್ತಿದ್ದ. ಕಂಡು ಮುಂದಿನ ಆವರ್ತನೆಯನ್ನು ಇನ್ನಷ್ಟು ಬಿಗಿಯಾಗಿ ಹೆಣೆಯುತ್ತಿದ್ದ. ತಬಕಡಿಯ ಎದುರು ಒಬ್ಬರೇ ತಲೆದೂಗಿದರೆ ತಬಕಡಿಗೆ ಗೊತ್ತಾಗುವುದಿಲ್ಲ. ಇಪ್ಪತ್ತಮೂರು ದಿನಾಂಕಗಳಿಗೆ ನಮಗೆ ತೋರುವ ಮುಖ್ಯ ಕಾರಣ ಇದು.

ಇನ್ನೊಂದು ಕಾರಣ ರಾಗಗಳದು. ಶಿವಮತ ಭೈರವ, ಬಹಾದುರಿ ತೋಡಿ, ಖಟ, ಲಚ್ಛಾಸಾಖ, ಶುದ್ಧ ನಟ, ಆಡಂಬರಿ ಕೇದಾರ ಮುಂತಾದ ಅಪೂರ್ವ ರಾಗಗಳನ್ನು ಅವರು ನಿತ್ಯದ ರಾಗಗಳಂತೆ ಹಾಡುತ್ತಿದ್ದರು. ಮೊದಲ ಸಲ ಕೇಳಿದವನಿಗೆ ಇವು ಕೈಗೆ ಸಿಗುವುದಿಲ್ಲ. ಸಿಕ್ಕಿತೆನ್ನುವಷ್ಟರಲ್ಲಿ ಇನ್ನೊಂದು ರಾಗದ ನೆರಳು ಸುಳಿದು ಎಲ್ಲ ಕಲಕಿಹೋಗುತ್ತದೆ. ಎರಡನೆಯ ಸಲ ಅರ್ಧ ದಾರಿ ತಿಳಿಯುತ್ತದೆ. ನಮ್ಮಲ್ಲೊಬ್ಬರಿಗೆ ಖಟ ರಾಗ ತಿಳಿಯಲು ಒಂಬತ್ತು ವರ್ಷ ಬೇಕಾಯಿತು. ತಿಳಿಯಿತೆಂದು ಅವರು ಹೇಳುತ್ತಾರೆ, ಉಳಿದವರು ನಂಬಿದ್ದೇವೆ. ಕೊನೆಗೆ ಬುವಾ ಅವರು ಕನ್ನಡ ವಚನವನ್ನೆತ್ತಿಕೊಂಡರೆ ಲೆಕ್ಕವೆಲ್ಲ ಬಿಟ್ಟುಹೋಗುತ್ತಿತ್ತು. ಮರಾಠಿ ಮಂದಿಯ ನಡುವೆ ಕುಳಿತು ಬಸವಣ್ಣನನ್ನೋ ಅಕ್ಕನನ್ನೋ ಆ ದನಿಯಲ್ಲಿ ಕೇಳುವಾಗ, ಮಗ್ಗುಲಲ್ಲಿದ್ದ ಮರಾಠಿ ಗೆಳೆಯ ಅರ್ಥ ಕೇಳಿದರೆ, ನಮ್ಮ ಹಿರಿಯರು ಅವನ ತೊಡೆ ತಟ್ಟಿ ಸುಮ್ಮನಿರಿಸುತ್ತಿದ್ದರಂತೆ. ಅರ್ಥ ಹೇಳುವುದು ಚಹದಂಗಡಿಯಲ್ಲಿ, ಆಮೇಲೆ.

ಗಡಹಿಂಗ್ಲಜದವರ ಪಾಡು ಬೇರೆ. ಅವರಿಗೆ ರೈಲಿಲ್ಲ. ಹಿರಣ್ಯಕೇಶಿಯ ದಂಡೆಯ ಆ ಊರಿನಿಂದ ಉತ್ತರಕ್ಕೆ ಕೊಲ್ಲಾಪುರ, ಪೂರ್ವಕ್ಕೆ ಸಂಕೇಶ್ವರ, ಅಲ್ಲಿಂದ ಬೆಳಗಾವಿ. ಎತ್ತ ಹೋದರೂ ಬಸ್ಸೇ ಗತಿ. ಮೈಫಿಲು ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಮೊದಲ ಬಸ್ಸು ನಸುಕಿನಲ್ಲಿ. ನಡುವಿನ ಹೊತ್ತನ್ನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕಳೆಯಬೇಕು. ಗಡಹಿಂಗ್ಲಜದ ನಮ್ಮ ಗೆಳೆಯರ ಪ್ರಕಾರ ನಿಜವಾದ ಸಂಗೀತ ಚರ್ಚೆ ನಡೆದದ್ದು ಆ ಕಟ್ಟೆಗಳ ಮೇಲೆ. ಶಾಲಾಮಾಸ್ತರು, ತಂಬಾಕು ವ್ಯಾಪಾರಿ, ಮೆಣಸಿನಕಾಯಿ ಅಡತಿಯ ಗುಮಾಸ್ತ ಒಂದೇ ಕಂಬಳಿಯೊಳಗೆ ಕಾಲು ಚಾಚಿ, ಆ ರಾತ್ರಿ ಕೇಳಿದ ತಾನನ್ನು ಗಂಟಲಿನಲ್ಲಿ ತರಲು ಹೆಣಗುತ್ತಿದ್ದರು. ಕಂಡಕ್ಟರ್ ಬಂದು “ಸಂಕೇಶ್ವರ, ಸಂಕೇಶ್ವರ” ಎಂದು ಕೂಗಿದಾಗ ಸಭೆ ಬರಖಾಸ್ತು.

ಮಿರಜಿಗಂತೂ ಎಲ್ಲರೂ ಹೋಗುತ್ತಿದ್ದರು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರ ಸಮಾಧಿ ಅಲ್ಲಿಯ ದರ್ಗೆಯಲ್ಲಿದೆ. ಅವರ ನೆನಪಿನಲ್ಲಿ ಅಲ್ಲಿ ವರ್ಷವರ್ಷವೂ ಗಾಯನ ಸೇವೆ ನಡೆಯುತ್ತದೆ. ಅವರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿಯವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಗಂಗೂಬಾಯಿಯವರ ಎಳೆಯ ದನಿ ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ಗಡುಸಾಗಿ, ಗಂಡುದನಿಯೆಂದು ಜನ ಬೆರಗಾಗುವಂತಾಯಿತು. ಅದೇ ದನಿಯಲ್ಲಿ ಅವರು ಅರ್ಧ ಶತಮಾನಕ್ಕೂ ಮಿಕ್ಕಿ ಹಾಡಿದರು. ಭೀಮಸೇನರ ದಾಸವಾಣಿ, ಸಂತವಾಣಿ ಎರಡನ್ನೂ ಅರ್ಥ ಕೇಳದೆ ಅನುಭವಿಸಬಲ್ಲವರು ಗಡಿನಾಡಿನ ನಾವು. ಈ ಸೌಭಾಗ್ಯ ಪುಣೆಯವರಿಗೂ ಇಲ್ಲ, ಬೆಂಗಳೂರಿನವರಿಗೂ ಇಲ್ಲ.

ಎಲ್ಲ ಸಲವೂ ಸುಖವೇ ಸಿಕ್ಕಿತೆಂದು ಹೇಳಿದರೆ ಸುಳ್ಳಾದೀತು. ಬಾಲಗಂಧರ್ವರು ವಯಸ್ಸಾದ ಮೇಲೂ ಸೀರೆಯುಟ್ಟು ರಂಗಕ್ಕೆ ಬರುತ್ತಿದ್ದರು; ಬೀಳಗಿಯ ಗೋಹರಬಾಯಿ ಅವರ ಜೊತೆಗಿದ್ದರು. ಶರೀರ ಸಹಕರಿಸುತ್ತಿರಲಿಲ್ಲ, ದನಿ ನಡುನಡುವೆ ಕೈಕೊಡುತ್ತಿತ್ತು. ಹಳೆಯ ರಸಿಕರು ಆದರೂ ಹೋದರು. ಹೊಸಬರಿಗೆ ಕಂಡದ್ದು ದಣಿದ ಮುದುಕ. ಹಳಬರಿಗೆ ಒಂದು ಪದದ ಒಂದು ತಿರುವಿನಲ್ಲಿ ಇಡೀ ಯೌವನ ಮರಳಿ ಕಾಣುತ್ತಿತ್ತು. ಇದು ರಸಾಸ್ವಾದವೋ ಬರಿಯ ಅಭಿಮಾನವೋ ಎಂದು ನಮ್ಮೊಳಗೇ ಒಮ್ಮತವಿಲ್ಲ. ಅಜ್ಜನ ಕಿಸೆಪುಸ್ತಕದಲ್ಲಿಯೂ ಕೆಲವು ದಿನಾಂಕಗಳ ಮುಂದೆ ರಾಗದ ಹೆಸರಿಲ್ಲ, ಸಣ್ಣ ಅಡ್ಡಗೆರೆಯಿದೆ. ಅಂದು ಹಾಡು ಕೂಡಲಿಲ್ಲವೆಂದು ಅದರರ್ಥ. ಹಾಗಿದ್ದೂ ಮುಂದಿನ ದಿನಾಂಕವಿದೆ.

ಇನ್ನು ಮೊಮ್ಮಗನ ಕಡೆಗೆ ಬರೋಣ. ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ರಾಕ್ ಸಂಗೀತದ ಪ್ರಸ್ತಾಪವೇಕೆಂದು ನಮ್ಮಲ್ಲೊಬ್ಬರು ಆಕ್ಷೇಪಿಸಿದರು. ಅವರ ಮಾತನ್ನು ಗೌರವಿಸಿ ಇಷ್ಟನ್ನೇ ಹೇಳುತ್ತೇವೆ. ಐರನ್ ಮೇಡನ್ ವೃಂದವನ್ನು ಸ್ಟೀವ್ ಹ್ಯಾರಿಸ್ ಎಂಬ ತರುಣ 1975ರಲ್ಲಿ ಪೂರ್ವ ಲಂಡನ್ನಿನಲ್ಲಿ ಕಟ್ಟಿದ. ಗಾಯಕ ಬ್ರೂಸ್ ಡಿಕಿನ್‌ಸನ್ 1981ರಲ್ಲಿ ಸೇರಿದ. ಬೆಂಗಳೂರಿಗೆ ಮೊದಲು ಬಂದಾಗ ವೃಂದಕ್ಕೆ ಮೂವತ್ತೊಂದು ವರ್ಷ. ಅವರ ಎದುರು ನಿಂತ ಹುಡುಗರಲ್ಲಿ ಬಹಳಷ್ಟು ಜನ ಅಷ್ಟು ವಯಸ್ಸಿನವರೂ ಅಲ್ಲ. 2008ರಲ್ಲಿ ಗಾಯಕನು ವೃಂದದ ವಿಮಾನವನ್ನು ತಾನೇ ನಡೆಸಿಕೊಂಡು ದೇಶದೇಶ ಸುತ್ತಿದ. ನಮ್ಮ ಹಳೆಯ ಕಂಪನಿ ಮಾಲೀಕರು ಎತ್ತಿನ ಗಾಡಿಯ ಮುಂದೆ ಕೂಡುತ್ತಿದ್ದದ್ದು ನೆನಪಾಗುತ್ತದೆ. 2015ರಲ್ಲಿ ಅವನ ನಾಲಗೆಯ ಬುಡದಲ್ಲಿ ಕ್ಯಾನ್ಸರ್ ಇರುವುದು ಪ್ರಕಟವಾಯಿತು. ಚಿಕಿತ್ಸೆ ಪಡೆದು 2016ರಲ್ಲಿ ಮತ್ತೆ ಸಂಚಾರಕ್ಕೆ ಹೊರಟ. ಮರಳಿದ ದನಿ ಹೇಗಿದ್ದೀತೆಂಬ ಆತಂಕ ಅಭಿಮಾನಿಗಳಿಗಿತ್ತು. ಅಲ್ಲಾದಿಯಾ ಖಾನರ ಕಾಲದ ಕೊಲ್ಲಾಪುರದವರಿಗೆ ಆ ಆತಂಕ ಅರ್ಥವಾಗುತ್ತಿತ್ತು.

ಭೇದಗಳು ಅನೇಕ. ಅಲ್ಲಿ ಹಾಡುಗಳ ಕ್ರಮ ಮೊದಲೇ ನಿಶ್ಚಿತ. ಮನ್ಸೂರರು ಯಾವ ರಾಗ ಎತ್ತಿಕೊಳ್ಳುವರೆಂದು ತಬಲಾದವರಿಗೂ ಗೊತ್ತಿರುತ್ತಿರಲಿಲ್ಲ. ಅಲ್ಲಿ ಮೂರು ಗಿಟಾರುಗಳ ಗರ್ಜನೆ ಎದೆಗೂಡಿಗೆ ಬಡಿಯುತ್ತದೆ. ಇಲ್ಲಿ ತಂಬೂರಿಯ ಜವಾರಿ ಕಿವಿಯ ಹತ್ತಿರ ನುಲಿಯುತ್ತದೆ. ಆದರೆ ಹುಡುಗ ಮರಳಿ ಬಂದು ಹೇಳಿದ ಒಂದು ಸಂಗತಿ ಅಜ್ಜನನ್ನು ಎದ್ದು ಕೂಡುವಂತೆ ಮಾಡಿತು. ಅವರ ಕೆಲವು ಹಾಡುಗಳಲ್ಲಿ ಪದಗಳಿಲ್ಲದ ಕಡೆ ಗಿಟಾರಿನ ಸ್ವರಗಳನ್ನೇ ಸಾವಿರಾರು ಜನ ಬಾಯಿಂದ ಹಾಡುತ್ತಾರಂತೆ. ಅಕ್ಷರವಿಲ್ಲ, ಬರೀ ಸ್ವರ. ಯಾರೂ ಕಲಿಸಿದ್ದಲ್ಲ, ಎಲ್ಲ ದೇಶಗಳಲ್ಲಿಯೂ ಹಾಗೆಯೇ ಹಾಡುತ್ತಾರಂತೆ.

“ಆಕಾರದಾಗ?” ಎಂದು ಅಜ್ಜ ಕೇಳಿದರು.

“ಹೂಂ ಅಜ್ಜಾ, ಒಂಥರಾ ಹಂಗೇ.”

“ಲಯ ತಪ್ಪೂದಿಲ್ಲೇನು, ಅಷ್ಟ ಮಂದಿ ಹಾಡಿದರ?”

“ಡ್ರಮ್ ಬಾರಸಾವ ಹಿಡದಿರತಾನ.”

ಅಜ್ಜ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕಿಸೆಪುಸ್ತಕದ ಕೊನೆಯ ಹಾಳೆ ತೆರೆದು, ಮೊಮ್ಮಗನ ಮೂರು ದಿನಾಂಕಗಳನ್ನು ತಾವೇ ಪೆನ್ಸಿಲಿನಿಂದ ಬರೆದರು. ಬೆಂಗಳೂರು, ಮುಂಬಯಿ, ಬೆಂಗಳೂರು. ರಾಗದ ಕಾಲಮ್ಮನ್ನು ಖಾಲಿ ಬಿಟ್ಟರು, ಅಡ್ಡಗೆರೆ ಹಾಕಲಿಲ್ಲ.

ಅಜ್ಜ ಈಗಿಲ್ಲ. ಪುಸ್ತಕ ಮೊಮ್ಮಗನ ಬಳಿಯಿದೆ. ಈ ಲೇಖನಕ್ಕಾಗಿ ಅವನೇ ತಂದು ತೋರಿಸಿದ. 2024ರ ಆಗಸ್ಟ್ 8ರ ರಾತ್ರಿ, ಕೇಶವರಾವ ಭೋಸಲೆಯವರ ಜಯಂತಿಯ ಹಿಂದಿನ ದಿನ, ಅವರ ಹೆಸರಿನ ರಂಗಮಂದಿರ ಬೆಂಕಿಗೆ ಆಹುತಿಯಾದಾಗ ನಮ್ಮಲ್ಲಿ ಕೆಲವರು ಬೆಳಗ್ಗೆ ಹೋಗಿ ಖಾಸಬಾಗದ ಕಡೆಯಿಂದ ನಿಂತು ನೋಡಿದೆವು. ಸುಟ್ಟ ಮರದ ವಾಸನೆ ಇನ್ನೂ ಇತ್ತು. ಮರಾಠಿ ಹಿರಿಯರೊಬ್ಬರು ಕಣ್ಣೊರೆಸಿಕೊಳ್ಳುತ್ತ, ತಾವು ಯಾವ ವರ್ಷ ಯಾವ ಸಾಲಿನಲ್ಲಿ ಕುಳಿತು ಯಾರನ್ನು ಕೇಳಿದ್ದ್ರೆಂದು ಗುರುತಿಲ್ಲದ ನಮಗೆ ಹೇಳುತ್ತಲೇ ಇದ್ದರು. ನಾವೂ ನಮ್ಮದನ್ನು ಹೇಳಿದೆವು. ಚಹದಂಗಡಿಗೆ ಹೋಗಿ ಮಾತು ಮುಂದುವರಿಸಿದೆವು.

ಕಿಸೆಪುಸ್ತಕವನ್ನು ಸಂಘದ ವಾಚನಾಲಯಕ್ಕೆ ಕೊಡಲು ಮೊಮ್ಮಗನನ್ನು ಕೇಳಿದ್ದೇವೆ. ಇನ್ನೂ ಕೆಲವು ಹಾಳೆ ಖಾಲಿ ಇವೆ, ಆಮೇಲೆ ಕೊಡುತ್ತೇನೆ ಎಂದಿದ್ದಾನೆ. ಮೂರನೆಯ ಸಲ ಬೆಂಗಳೂರಿನಿಂದ ಮರಳಿದ ಮುಂಜಾನೆ ಅಜ್ಜ ಬಾಗಿಲಲ್ಲಿಯೇ ನಿಂತು ಕೇಳಿದ್ದು ಹಾಡಿನ ವಿಷಯವಲ್ಲವಂತೆ. ಮಗ್ಗದ ಸದ್ದಿಗೆ ಒಂದು ಕಿವಿ ಕೊಟ್ಟವರು ಅವರು. “ಕಿವ್ಯಾಗ ಹತ್ತಿ ಇಟಗೊಂಡಿದ್ಯೋ ಇಲ್ಲೋ?” ಎಂದು ಕೇಳಿ, ಅವನ ಮುಖವನ್ನು ಬೆಳಕಿನ ಕಡೆ ತಿರುಗಿಸಿ, ಎರಡೂ ಕಿವಿಯೊಳಗೆ ಇಣುಕಿ ನೋಡಿದರಂತೆ.